ಗಾಳಿ ತಂಪಿನ ಎಂಜಿನ್ನಿಗೆ ಯಾವ ಬಣ್ಣ?

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಒಂದು ಭಾನುವಾರ ಅಪ್ಪ ಮನೆಯ ಗೇಟಿಗೆ ಬಣ್ಣ ಬಳಿದರು. ಡಬ್ಬಿಯ ತಳದಲ್ಲಿ ಸ್ವಲ್ಪ ಉಳಿಯಿತು. ಅದನ್ನೇಕೆ ಸುಮ್ಮನೆ ಒಣಗಲು ಬಿಡಬೇಕೆಂದು, ತುಕ್ಕು ಹಿಡಿದಿದ್ದ ಸ್ಕೂಟರಿನ ಸೈಲೆನ್ಸರಿಗೂ ಎರಡು ಕೈ ಬಳಿದರು. ಸಂಜೆಗೆ ಸೈಲೆನ್ಸರ್ ಹೊಸದರಂತೆ ಹೊಳೆಯುತ್ತಿತ್ತು. ಸೋಮವಾರ ಬೆಳಿಗ್ಗೆ ಸ್ಕೂಟರ್ ಬೀದಿಯ ತಿರುವು ದಾಟುವಷ್ಟರಲ್ಲಿ ಹೊಗೆ, ಸುಟ್ಟ ವಾಸನೆ. ವಾರದೊಳಗೆ ಬಣ್ಣವೆಲ್ಲ ಹಪ್ಪಳದಂತೆ ಗುಳ್ಳೆ ಎದ್ದು ಉದುರಿಹೋಯಿತು.

ಗೇಟೂ ಕಬ್ಬಿಣ, ಸೈಲೆನ್ಸರೂ ಕಬ್ಬಿಣ. ಆದರೆ ಒಂದು ಬಿಸಿಲಿಗೆ ಮಾತ್ರ ಕಾಯುತ್ತದೆ, ಇನ್ನೊಂದು ಬೆಂಕಿಗೆ. ಈ ಸಣ್ಣ ವ್ಯತ್ಯಾಸವನ್ನು ಮರೆತರೆ ಸ್ಕೂಟರಿನಲ್ಲಿ ಹೋಗುವುದು ಒಂದು ಸೈಲೆನ್ಸರಿನ ಅಂದ ಮಾತ್ರ. ಅದೇ ತಪ್ಪನ್ನು ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಮಾಡಿದರೆ ಎಂಜಿನ್ನೇ ಹೋಗಬಹುದು. ಅಂಥ ಕಾರನ್ನು ಈಗ ಜಗತ್ತಿನ ಯಾವ ಕಾರ್ಖಾನೆಯೂ ಮಾಡುತ್ತಿಲ್ಲ.

ಜೀರುಂಡೆಯಾಕಾರದ ಈ ಕಾರನ್ನು ನೋಡದವರು ಕಡಿಮೆ. ರಸ್ತೆಯಲ್ಲಿ ನೋಡಿರದಿದ್ದರೆ ಹರ್ಬಿ ಎಂಬ ತುಂಟ ಕಾರಿನ ಹಾಲಿವುಡ್ ಚಿತ್ರಗಳಲ್ಲಾದರೂ ನೋಡಿರುತ್ತೀರಿ. ಇದರ ಬಾನೆಟ್ ಎತ್ತಿದರೆ ಸಾಮಾನು ಇಡುವ ಜಾಗ. ಡಿಕ್ಕಿ ತೆರೆದರೆ ಎಂಜಿನ್! ರೇಡಿಯೇಟರ್ ಇಲ್ಲ, ನೀರಿನ ಪಂಪ್ ಇಲ್ಲ, ರಬ್ಬರ್ ಹೋಸು ಇಲ್ಲ. ಕಣ್ಣಿಗೆ ಬೀಳುವುದು ಕಪ್ಪು ಬಣ್ಣದ ತಗಡುಗಳ ಒಂದು ಗುಂಪು, ಒಂದು ಬೆಲ್ಟು ಮತ್ತು ಒಂದು ಡೈನಮೊ.

ಹಳೆಯ ಬೀಟಲ್ ಇಟ್ಟುಕೊಂಡವರು ಎಂಜಿನ್ ಬಿಚ್ಚಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಯಾವ ಭಾಗಕ್ಕೆ ಯಾವ ಬಣ್ಣ? ಕಪ್ಪೇ ಬೇಕೇ? ಬೆಳ್ಳಿ ಬಣ್ಣ ಆದೀತೇ? ಕ್ರೋಮ್ ಮಾಡಿಸಿದರೆ ಏನು ತಪ್ಪು? ಇದು ಅಲಂಕಾರದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಇದರೊಳಗೆ ಭೌತಶಾಸ್ತ್ರವಿದೆ, ರಸಾಯನಶಾಸ್ತ್ರವಿದೆ, ಸಾಕಷ್ಟು ಇತಿಹಾಸವೂ ಇದೆ.

ನೀರಿಲ್ಲದ ಎಂಜಿನ್

ಜನಸಾಮಾನ್ಯರಿಗೆ ಕೈಗೆಟುಕುವ ಕಾರೊಂದನ್ನು ರೂಪಿಸುವ ಕೆಲಸ 1934ರಲ್ಲಿ ಫರ್ಡಿನಾಂಡ್ ಪೋರ್ಷೆ ಅವರ ಪಾಲಿಗೆ ಬಂತು. ಅವರ ಕಚೇರಿಯಲ್ಲಿದ್ದ ಫ್ರಾಂಜ್ ರೈಮ್‌ಸ್ಪೀಸ್ ಎಂಬ ಎಂಜಿನಿಯರ್ ಇದರ ಎಂಜಿನ್ನಿಗೆ ರೂಪ ಕೊಟ್ಟರು. ನಾಲ್ಕು ಸಿಲಿಂಡರುಗಳು, ಎಡಕ್ಕೆರಡು, ಬಲಕ್ಕೆರಡು, ಎದುರುಬದುರಾಗಿ ಮಲಗಿದ ಹಾಗೆ. ತಂಪು ಮಾಡಲು ನೀರಿನ ಬದಲು ಗಾಳಿ. ಇದಕ್ಕೆ ಕಾರಣ ಸರಳ. ಜರ್ಮನಿಯ ಚಳಿಗಾಲದಲ್ಲಿ ರಾತ್ರಿ ಹೊರಗೆ ನಿಲ್ಲಿಸಿದ ಕಾರಿನ ನೀರು ಹೆಪ್ಪುಗಟ್ಟಿದರೆ ಎಂಜಿನ್ ಬಿರುಕು ಬಿಡುತ್ತದೆ. ಕಡಿಮೆ ಬೆಲೆಯ ಕಾರು ಕೊಳ್ಳುವವನಿಗೆ ಕಾರು ಇಡಲು ಸ್ವಂತ ಗ್ಯಾರೇಜು ಎಲ್ಲಿಂದ ಬರಬೇಕು? ಗಾಳಿ ಹೆಪ್ಪುಗಟ್ಟುವುದಿಲ್ಲ, ಕುದಿಯುವುದೂ ಇಲ್ಲ.

1938ರಲ್ಲಿ ಕಾರ್ಖಾನೆಗೆ ಹಿಟ್ಲರ್ ಅಡಿಗಲ್ಲು ಹಾಕಿದ. ವಾರ ವಾರ ಹಣ ಕಟ್ಟಿ ಕಾರು ಪಡೆಯುವ ಯೋಜನೆಗೆ ಮೂರು ಲಕ್ಷಕ್ಕೂ ಹೆಚ್ಚು ಜರ್ಮನ್ನರು ಸೇರಿದರು. ಯುದ್ಧ ಬಂತು, ಹಣ ಕಟ್ಟಿದ ಒಬ್ಬನಿಗೂ ಆ ಯೋಜನೆಯಲ್ಲಿ ಕಾರು ಸಿಗಲಿಲ್ಲ. ಸೆರೆಯಾಳುಗಳನ್ನೂ ಬೇರೆ ದೇಶಗಳಿಂದ ಹಿಡಿದು ತಂದವರನ್ನೂ ಬಲವಂತವಾಗಿ ದುಡಿಸಿಕೊಂಡು ಅಲ್ಲಿ ಸೇನಾ ವಾಹನಗಳನ್ನು ಮಾಡಲಾಯಿತು. 1945ರಲ್ಲಿ ಆ ಊರು ವೂಲ್ಫ್ಸ್‌ಬರ್ಗ್ ಆಯಿತು. ಬ್ರಿಟಿಷ್ ಸೇನೆಯ ಮೇಜರ್ ಐವನ್ ಹರ್ಸ್ಟ್ ಪಾಳು ಬಿದ್ದ ಕಾರ್ಖಾನೆಯನ್ನು ಮತ್ತೆ ನಡೆಸಿದರು. ಅಲ್ಲಿಂದ ಮುಂದೆ ಅದು ನಿಜಕ್ಕೂ ಜನರ ಕಾರಾಯಿತು. 1972ರ ಫೆಬ್ರುವರಿಯಲ್ಲಿ ಫೋರ್ಡ್ ಮಾಡೆಲ್ ಟಿ ಕಾರಿನ ದಾಖಲೆಯನ್ನು ಹಿಂದಿಕ್ಕಿತು. 2003ರ ಜುಲೈ 30ರಂದು ಮೆಕ್ಸಿಕೊದ ಪ್ಯೂಬ್ಲಾದಲ್ಲಿ ಕೊನೆಯ ಬೀಟಲ್ ಹೊರಬಂದಾಗ ಒಟ್ಟು ಲೆಕ್ಕ 2,15,29,464.

ಈ ಎಂಜಿನ್ ತಂಪಾಗುವ ಬಗೆ ನಮಗೆ ತೀರಾ ಹೊಸದಲ್ಲ. ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಪಕ್ಕದ ಬಾನೆಟ್ ತೆಗೆದು ನೋಡಿದವರಿಗೆ ಇದು ಗೊತ್ತು. ಸಿಲಿಂಡರಿನ ಸುತ್ತ ತೆಳುವಾದ ರೆಕ್ಕೆಗಳು, ಅದರ ಮೇಲೊಂದು ಮುಚ್ಚಳ, ಒಳಗೆ ಗಾಳಿ ತಳ್ಳುವ ಫ್ಯಾನು. ಬೀಟಲ್‌ನಲ್ಲಿ ಇದೇ ಏರ್ಪಾಡು ದೊಡ್ಡ ಪ್ರಮಾಣದಲ್ಲಿದೆ. ಡೈನಮೊದ ದಂಡಕ್ಕೇ ಫ್ಯಾನು ಸಿಕ್ಕಿಸಿದ್ದಾರೆ. ಎಂಜಿನ್ ವೇಗವಾಗಿ ತಿರುಗುವಾಗ ಅದು ಸೆಕೆಂಡಿಗೆ ಐನೂರು ಲೀಟರಿಗೂ ಹೆಚ್ಚು ಗಾಳಿಯನ್ನು ಎಳೆದು ಕೆಳಕ್ಕೆ ತಳ್ಳುತ್ತದೆ. ಆ ಗಾಳಿ ಅತ್ತಿತ್ತ ಚದುರದೆ ಪ್ರತಿ ರೆಕ್ಕೆಯ ಸಂದಿಗೂ ಹೋಗುವಂತೆ ದಾರಿ ಹಾಕಿಕೊಡುವುದೇ ಆ ಕಪ್ಪು ತಗಡುಗಳ ಕೆಲಸ. ಬಿಸಿಯಾದ ಗಾಳಿ ಕೆಳಗೆ ಹೋಗಬೇಕು, ಮೇಲಿನ ತಣ್ಣನೆಯ ಗಾಳಿಯೊಡನೆ ಬೆರೆಯಬಾರದು. ಒಂದು ತಗಡು ತುಕ್ಕು ಹಿಡಿದು ತೂತಾದರೆ, ಅಂಚಿನ ರಬ್ಬರ್ ಪಟ್ಟಿ ಕಳೆದುಹೋದರೆ ಎಂಜಿನ್ ತಾನು ಬಿಟ್ಟ ಬಿಸಿ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಹಾಗಾಗಿ ತಗಡಿನ ಬಣ್ಣದ ಮೊದಲ ಕೆಲಸ ಅಂದವಲ್ಲ, ತುಕ್ಕು ತಡೆಯುವುದು.

ಕಪ್ಪು ಬಳಿದರೆ ತಂಪೇ?

ಕಪ್ಪು ಬಣ್ಣ ಶಾಖವನ್ನು ಚೆನ್ನಾಗಿ ಹೊರಸೂಸುತ್ತದೆ, ಆದ್ದರಿಂದ ಎಂಜಿನ್ನಿಗೆ ಕಪ್ಪೇ ಆಗಬೇಕು ಎಂಬ ಮಾತು ಗ್ಯಾರೇಜುಗಳಲ್ಲಿ ಪ್ರಚಲಿತ. ಇದು ಅರ್ಧ ಸತ್ಯ.

1804ರಲ್ಲಿ ಸ್ಕಾಟ್ಲೆಂಡಿನ ಜಾನ್ ಲೆಸ್ಲಿ ಎಂಬ ವಿಜ್ಞಾನಿ ತಗಡಿನ ಒಂದು ಚೌಕ ಡಬ್ಬಿ ತೆಗೆದುಕೊಂಡರು. ಒಂದು ಮೈಗೆ ಮಸಿ ಬಳಿದರು, ಇನ್ನೊಂದಕ್ಕೆ ಬಿಳಿ ಕಾಗದ ಅಂಟಿಸಿದರು, ಮತ್ತೊಂದನ್ನು ಹೊಳೆಯುವಂತೆ ಉಜ್ಜಿ ಹಾಗೆಯೇ ಬಿಟ್ಟರು. ಒಳಗೆ ಬಿಸಿ ನೀರು ತುಂಬಿ ಪ್ರತಿ ಮೈಯಿಂದ ಎಷ್ಟು ಶಾಖ ಹೊಮ್ಮುತ್ತದೆಂದು ಅಳೆದರು. ಮಸಿ ಬಳಿದ ಮೈ ಹೆಚ್ಚು ಶಾಖ ಸೂಸಿತು, ಹೊಳೆಯುವ ಲೋಹ ಬಹಳ ಕಡಿಮೆ. ಇದು ನಿರೀಕ್ಷಿತವೇ. ಆದರೆ ಬಿಳಿ ಕಾಗದ? ಹೆಚ್ಚುಕಡಿಮೆ ಮಸಿಯಷ್ಟೇ ಸೂಸಿತು!

ಕಣ್ಣಿಗೆ ಕಾಣುವ ಬಣ್ಣ ಬೇರೆ, ಶಾಖದ ಕಿರಣಗಳಿಗೆ 'ಕಾಣುವ' ಬಣ್ಣ ಬೇರೆ. ಎಂಜಿನ್ನಿನಷ್ಟು ಬಿಸಿಯಾದ ವಸ್ತು ಸೂಸುವುದು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು. ಆ ಕಿರಣಗಳ ಮಟ್ಟಿಗೆ ಕಪ್ಪು, ಬಿಳಿ, ಕೆಂಪು, ಹಸಿರು ಪೇಂಟುಗಳೆಲ್ಲ ಬಹುಪಾಲು ಒಂದೇ. ಹಿಂದೆ ಬೀಳುವುದು ಹೊಳೆಯುವ ಬರಿಯ ಲೋಹ ಮತ್ತು ಒಂದಿಷ್ಟು ಮಟ್ಟಿಗೆ ಅಲ್ಯುಮಿನಿಯಂ ಪುಡಿ ಬೆರೆತ ಬೆಳ್ಳಿ ಬಣ್ಣ.

ಒಂದು ಲೆಕ್ಕ ಹಾಕೋಣ. ಸುತ್ತಲಿನ ಹವೆ 30 ಡಿಗ್ರಿ ಸೆಲ್ಸಿಯಸ್, ತಗಡು 100 ಡಿಗ್ರಿ ಕಾದಿದೆ ಎಂದಿಟ್ಟುಕೊಳ್ಳಿ. ಕಪ್ಪು ಬಳಿದ ಒಂದು ಚದರ ಮೀಟರ್ ತಗಡು ಸುಮಾರು 600 ವಾಟ್ ಶಾಖವನ್ನು ಕಿರಣಗಳ ಮೂಲಕ ಬಿಡುತ್ತದೆ. ಕ್ರೋಮ್ ಮಾಡಿಸಿದ್ದಾದರೆ ಸುಮಾರು 60 ವಾಟ್. ಹತ್ತು ಪಟ್ಟು ವ್ಯತ್ಯಾಸ! ಕೇಳಲು ದೊಡ್ಡದೇ. ಆದರೆ 1200 ಸಿಸಿಯ ಬೀಟಲ್ ಎಂಜಿನ್ ಕೊಡುವ ಗರಿಷ್ಠ ಶಕ್ತಿ 34 ಅಶ್ವಶಕ್ತಿ, ಅಂದರೆ 25,000 ವಾಟ್. ಸ್ಥೂಲವಾಗಿ ಅಷ್ಟೇ ಶಾಖವನ್ನು ಗಾಳಿ ಹೊತ್ತೊಯ್ಯಬೇಕು. ಅದರ ಮುಂದೆ ಇಸ್ತ್ರಿ ಪೆಟ್ಟಿಗೆಯೊಂದರಷ್ಟೂ ಇಲ್ಲದ ಈ ವ್ಯತ್ಯಾಸ ಸಣ್ಣದು. ಅದೂ ಅಲ್ಲದೆ ಮೇಲಿನ ಫ್ಯಾನ್ ತಗಡಿನೊಳಗೆ ಹರಿಯುವುದು ತಣ್ಣನೆಯ ಗಾಳಿ. ಅದು ನೂರು ಡಿಗ್ರಿ ಕಾಯುವುದೇ ಕಷ್ಟ.

ಎಂದರೆ ಎಂಜಿನ್ನನ್ನು ಉಳಿಸುವುದು ಬಣ್ಣದ ಕಪ್ಪಲ್ಲ, ಗಾಳಿಯ ಓಟ. ಗಾಳಿಗೆ ಅಡ್ಡ ಬರುವ ಬಣ್ಣ ಯಾವುದಾದರೂ ಕೆಟ್ಟದ್ದೇ. ಕಪ್ಪಿನ ಪರವಾಗಿ ಹೇಳಬಹುದಾದ್ದು ಇಷ್ಟು: ಅದು ಅಗ್ಗ, ಎಣ್ಣೆ ಮತ್ತು ಮಸಿಯ ಕಲೆ ಕಾಣುವುದಿಲ್ಲ, ಬಿಸಿಗೆ ಹಳದಿ ತಿರುಗುವುದಿಲ್ಲ.

ಒಂದೊಂದಕ್ಕೆ ಒಂದೊಂದು

ಬೀಟಲ್ ಎಂಜಿನ್ ಒಂದೇ ಲೋಹದ್ದಲ್ಲ. ಮಧ್ಯದ ಕ್ರ್ಯಾಂಕ್ ಕೇಸು ಮೆಗ್ನೀಷಿಯಂ ಮಿಶ್ರಲೋಹ. ಸಿಲಿಂಡರುಗಳು ಬೀಡು ಕಬ್ಬಿಣ. ಅವುಗಳ ತಲೆಯ ಮೇಲೆ ಕೂರುವ ಹೆಡ್ಡುಗಳು ಅಲ್ಯುಮಿನಿಯಂ. ಸುತ್ತಲ ತಗಡು ಉಕ್ಕು. ಒಂದೊಂದರ ಬಿಸಿಯೂ ಬೇರೆ, ಗುಣವೂ ಬೇರೆ.

ತಗಡುಗಳು: ಇವಕ್ಕೆ ಹೆಚ್ಚು ಆಯ್ಕೆ ಇದೆ. ಒಳ್ಳೆಯ ಪ್ರೈಮರಿನ ಮೇಲೆ ಎಂಜಿನ್ ಎನಾಮಲ್ ಹೊಡೆಯಬಹುದು. ಪೌಡರ್ ಕೋಟಿಂಗ್ ಮಾಡಿಸಬಹುದು. ಅದರಲ್ಲಿ ಒಣ ಬಣ್ಣದ ಪುಡಿಯನ್ನು ವಿದ್ಯುತ್ ಸೆಳೆತದಿಂದ ತಗಡಿಗೆ ಅಂಟಿಸಿ 180ರಿಂದ 200 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಗಟ್ಟಿ ಪದರ ಬರುತ್ತದೆ. ಆದರೆ ಅದು ದಪ್ಪ; ತಗಡುಗಳು ಒಂದರೊಳಗೊಂದು ಕೂರುವ ಅಂಚು ಮತ್ತು ಬೋಲ್ಟಿನ ತೂತುಗಳನ್ನು ಮುಚ್ಚಿಕೊಳ್ಳಬೇಕು. ಒಳಮೈಯನ್ನು ಬಿಡುವಂತಿಲ್ಲ, ಹಾಗೆಂದು ಅಲ್ಲಿ ಕಳಪೆ ಬಣ್ಣ ಹೊಡೆಯುವಂತೆಯೂ ಇಲ್ಲ. ಅಲ್ಲಿ ಎದ್ದ ಸಿಪ್ಪೆಯನ್ನು ಫ್ಯಾನು ನೇರವಾಗಿ ಆಯಿಲ್ ಕೂಲರಿನ ಸಂದಿಗೆ, ಸಿಲಿಂಡರಿನ ರೆಕ್ಕೆಗಳ ನಡುವಿಗೆ ತುರುಕುತ್ತದೆ.

ಸಿಲಿಂಡರುಗಳು: ಇಲ್ಲಿ ಕೈ ಬಿಗಿ ಹಿಡಿಯಬೇಕು. ಪೇಂಟು ಶಾಖವನ್ನು ಚೆನ್ನಾಗಿ ಸಾಗಿಸುವ ವಸ್ತುವಲ್ಲ. ತಲೆಗೂದಲಿನ ಮೂರನೆಯ ಒಂದರಷ್ಟು ದಪ್ಪದ, ಅಂದರೆ 25 ಮೈಕ್ರಾನಿನ ಒಂದು ಪದರದಿಂದ ಶಾಖದ ಹರಿವಿಗೆ ಆಗುವ ಅಡ್ಡಿ ನೂರಕ್ಕೆ ಒಂದು ಪಾಲಿನಷ್ಟು. ಅದು ಲೆಕ್ಕಕ್ಕಿಲ್ಲ. ಹೊಳಪು ಬರಲೆಂದು ಪದರದ ಮೇಲೆ ಪದರ ಹೊಡೆದು ಅದರ ಹತ್ತರಷ್ಟು ದಪ್ಪ ಮಾಡಿದರೆ ಅಡ್ಡಿ ನೂರಕ್ಕೆ ಹತ್ತಕ್ಕೆ ಬರುತ್ತದೆ, ರೆಕ್ಕೆಗಳ ಸಂದಿಯೂ ಕಿರಿದಾಗುತ್ತದೆ. ಆದ್ದರಿಂದ ಶಾಖ ತಡೆಯುವ ಮಂದ ಕಪ್ಪು ಬಣ್ಣದ ಒಂದೇ ತೆಳು ಪದರ ಸಾಕು. ಮೂರನೆಯ ಸಿಲಿಂಡರ್ ಮೊದಲಿನಿಂದಲೂ ಬಿಸಿ ಹೆಚ್ಚು ಕುಡಿಯುವ ಮಗು. ಆಯಿಲ್ ಕೂಲರ್ ಅದರ ಗಾಳಿಗೆ ಅಡ್ಡ ನಿಂತಿತ್ತು. 1971ರ ಮಾದರಿಯಲ್ಲಿ ಕೂಲರನ್ನು ಪಕ್ಕಕ್ಕೆ ಸರಿಸಿ ಪ್ರತ್ಯೇಕ ಗೂಡು ಕಟ್ಟಿಕೊಟ್ಟರು. ತಯಾರಕರೇ ಇಷ್ಟು ಒದ್ದಾಡಿದ ಜಾಗದಲ್ಲಿ ನಾವು ದಪ್ಪ ಬಣ್ಣದ ಕಂಬಳಿ ಹೊದಿಸಬಾರದು.

ಹೆಡ್ಡುಗಳು: ಸುಮಾರು 200 ಡಿಗ್ರಿವರೆಗೆ ಕಾಯುವ ಇವಕ್ಕೆ ಬಣ್ಣವೇ ಬೇಡ. ಅಲ್ಯುಮಿನಿಯಂ ತನ್ನ ಮೇಲೆ ತಾನೇ ಆಕ್ಸೈಡಿನ ರಕ್ಷಣೆ ಕಟ್ಟಿಕೊಳ್ಳುತ್ತದೆ.

ಕ್ರ್ಯಾಂಕ್ ಕೇಸು: ಮೆಗ್ನೀಷಿಯಂ ಹಗುರ, ಆದರೆ ತೇವ ಮತ್ತು ಉಪ್ಪಿನ ಗಾಳಿಗೆ ಬೇಗ ಕೊರೆದುಹೋಗುತ್ತದೆ. ಕರಾವಳಿಯಂಥ ಹವೆಯಲ್ಲಿ ತೆಳುವಾದ ರಕ್ಷಣಾ ಪದರ ಒಳ್ಳೆಯದು. ಎಣ್ಣೆಯ ಬಿಸಿ ನೂರು ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಎಪಾಕ್ಸಿ ಆಧಾರದ ಬಣ್ಣ ತಡೆಯುತ್ತದೆ. ಬಂಗಾರದಂತೆ ಮಿರುಗಬೇಕೆಂದು ಗ್ರೈಂಡರ್ ಹಿಡಿದು ಉಜ್ಜುವುದು ಮಾತ್ರ ಅಪಾಯ. ಮೆಗ್ನೀಷಿಯಂ ಪುಡಿ ದೀಪಾವಳಿಯ ಸುರುಸುರುಬತ್ತಿಯಂತೆ ಹೊತ್ತಿಕೊಳ್ಳುತ್ತದೆ. ಅದಕ್ಕೆ ನೀರು ಸುರಿದರೆ ಜಲಜನಕ ಹುಟ್ಟಿ ಬೆಂಕಿ ಇನ್ನೂ ಕೆರಳುತ್ತದೆ. ಒಣ ಮರಳೇ ಗತಿ.

ಸೈಲೆನ್ಸರ್ ಮತ್ತು ಹೊಗೆ ಕೊಳವೆಗಳು: ಇಲ್ಲಿ ಬಿಸಿ 400 ಡಿಗ್ರಿ ದಾಟುತ್ತದೆ. ಸಾಮಾನ್ಯ ಎನಾಮಲ್ ನೂರು–ನೂರಿಪ್ಪತ್ತು ಡಿಗ್ರಿ ದಾಟಿದರೆ ಸೋಲುತ್ತದೆ. ಅದರ ಅಂಟು ಇಂಗಾಲದ ಸರಪಳಿಗಳಿಂದಾದದ್ದು, ಬಿಸಿಗೆ ಒಡೆದು ಉರಿಯುತ್ತದೆ. ಅಪ್ಪನ ಸೈಲೆನ್ಸರಿನಲ್ಲಿ ಆದದ್ದು ಇದೇ. ಇಲ್ಲಿಗೆ ಬೇಕಾದದ್ದು ಸಿಲಿಕೋನ್ ಅಂಟಿನ ಬಣ್ಣ. ಅದರ ಬೆನ್ನೆಲುಬು ಸಿಲಿಕಾನ್ ಮತ್ತು ಆಮ್ಲಜನಕದ ಬಂಧ. ಮರಳಿನಲ್ಲಿ, ಗಾಜಿನಲ್ಲಿ ಇರುವ ಬಂಧವೇ ಅದು. ಅಲ್ಯುಮಿನಿಯಂ ಚೂರುಗಳು ಬೆರೆತ ಬೆಳ್ಳಿ ಬಗೆಯದು 600 ಡಿಗ್ರಿಯವರೆಗೂ ನಿಲ್ಲುತ್ತದೆ. ಆದರೆ ಈ ಬಣ್ಣ ಬರೀ ಗಾಳಿಗೆ ಪೂರ್ತಿ ಗಟ್ಟಿಯಾಗುವುದಿಲ್ಲ. ಡಬ್ಬಿಯ ಮೇಲೆ ಹೇಳಿದಂತೆ ಹಂತಹಂತವಾಗಿ ಬಿಸಿ ಮಾಡಿ, ಆರಿಸಿ, ಮತ್ತೆ ಬಿಸಿ ಮಾಡಬೇಕು. ಮಡಕೆ ಸುಟ್ಟ ಹಾಗೆ.

ಬೀಟಲ್‌ನಲ್ಲಿ ಒಂದು ವಿಶೇಷ ಎಚ್ಚರಿಕೆಯೂ ಬೇಕು. ಚಳಿಗೆ ಕಾರಿನೊಳಗೆ ಬರುವ ಬಿಸಿಗಾಳಿ ಹೊಗೆ ಕೊಳವೆಗಳ ಸುತ್ತ ಹಾದು ಬರುತ್ತದೆ. ಹೊಸ ಬಣ್ಣ ಕಾಯುವಾಗ ಏಳುವ ಹೊಗೆ ನೇರವಾಗಿ ಒಳಗೆ ಕೂತವರ ಮೂಗಿಗೇ. ಮೊದಲ ಕೆಲವು ಸಲ ಎಂಜಿನ್ನನ್ನು ಬಯಲಿನಲ್ಲಿ ನಿಲ್ಲಿಸಿ, ಹೀಟರ್ ಮುಚ್ಚಿ, ಒಳಗೆ ಯಾರೂ ಕೂರದೆ ಓಡಿಸಬೇಕು.

ಬಳಿಯುವ ಮೊದಲು

ಅನುಭವಿ ಪೇಂಟರುಗಳು ಹೇಳುವುದು ಒಂದೇ ಮಾತು: ಕೆಲಸದ ಮುಕ್ಕಾಲು ಪಾಲು ಡಬ್ಬಿ ತೆರೆಯುವ ಮುಂಚೆಯೇ ಮುಗಿದಿರಬೇಕು. ದಶಕಗಳ ಎಣ್ಣೆಯನ್ನು ಮೊದಲು ಸೀಮೆಎಣ್ಣೆಯಿಂದ, ಕೊನೆಗೆ ಥಿನ್ನರಿನಿಂದ ಒರೆಸಿ ತೆಗೆಯಬೇಕು. ಬೆರಳಿನ ಜಿಡ್ಡು ಉಳಿದರೂ ಬಣ್ಣ ಅಲ್ಲಿಂದಲೇ ಏಳುತ್ತದೆ.

ತೊಳೆಯುವ ರಾಸಾಯನಿಕದಲ್ಲಿ ಲೋಹದ ಗುಣ ನೋಡಬೇಕು. ಕಾಸ್ಟಿಕ್ ಸೋಡಾದಲ್ಲಿ ಉಕ್ಕಿನ ತಗಡು ಅದ್ದಿದರೆ ಹಳೆಯ ಬಣ್ಣ ಬಿಡುತ್ತದೆ, ತಗಡಿಗೆ ಏನೂ ಆಗುವುದಿಲ್ಲ. ಅದೇ ತೊಟ್ಟಿಗೆ ಅಲ್ಯುಮಿನಿಯಂ ಹೆಡ್ಡು ಹಾಕಿದರೆ ಕಣ್ಣೆದುರೇ ನೊರೆ ಬಂದು ಕರಗತೊಡಗುತ್ತದೆ. ತುಕ್ಕು ತೆಗೆಯುವ ಆಮ್ಲ ಉಕ್ಕಿಗೆ ಸರಿ. ಮೆಗ್ನೀಷಿಯಂ ಕೇಸನ್ನು ಅದು ತಿಂದುಹಾಕುತ್ತದೆ. ಮರಳು ಹೊಡೆಸುವುದೂ ಅಷ್ಟೇ. ತಗಡಿಗೆ ಆಗಬಹುದು. ಕ್ರ್ಯಾಂಕ್ ಕೇಸಿನ ಎಣ್ಣೆ ದಾರಿಯಲ್ಲಿ ಒಂದು ಚಿಟಿಕೆ ಮರಳು ಉಳಿದರೆ ಹೊಸ ಬೇರಿಂಗುಗಳು ಕೆಲವೇ ಮೈಲಿಗಳಲ್ಲಿ ಸವೆದುಹೋಗುತ್ತವೆ.

ಬಣ್ಣ ಬೀಳಲೇಬಾರದ ಜಾಗಗಳೂ ಇವೆ. ಎರಡು ಭಾಗಗಳು ಒತ್ತಿ ಕೂರುವ ಮೈಗಳು, ಆಯಿಲ್ ಕೂಲರಿನ ಸಂದಿಗಳು, ಬ್ಯಾಟರಿಯ ಅರ್ಥಿಂಗ್ ಪಟ್ಟಿ ಕೂರುವ ಜಾಗ. ಪೇಂಟು ವಿದ್ಯುತ್ತನ್ನೂ ತಡೆಯುತ್ತದೆ. ಹೊಸ ಬಣ್ಣ ಹೊಡೆಸಿದ ಮೇಲೆ ಕಾರು ಸ್ಟಾರ್ಟ್ ಆಗದೆ ತಲೆ ಕೆಡಿಸಿಕೊಳ್ಳುವವರು ಮೊದಲು ನೋಡಬೇಕಾದದ್ದು ಅಲ್ಲಿ.

ಇನ್ನು ಬಳಿಯುವವನ ವಿಷಯ. ಕಾರಿನ ಮೈಗೆ ಹೊಡೆಯುವ ಎರಡು ಡಬ್ಬಿ ಬೆರೆಸುವ ಬಣ್ಣವನ್ನು ತಗಡಿಗೂ ಹೊಡೆಯುವುದುಂಟು. ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ. 1984ರಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೊಸಯನೇಟಿನ ಮನೆತನದ್ದೇ ಆದರೂ ಅದರಷ್ಟು ಮಾರಕವಲ್ಲ. ಆದರೆ ಇದರ ತುಂತುರನ್ನು ಉಸಿರಾಡಿದವರಿಗೆ ಜೀವನಪೂರ್ತಿ ಬಿಡದ ಉಬ್ಬಸ ಬರಬಹುದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡವೇ ಬೇಕು. ಅದಿಲ್ಲದ ಶೆಡ್ಡಿನಲ್ಲಿ ಹದಿನೆಂಟರ ಹುಡುಗನ ಕೈಗೆ ಸ್ಪ್ರೇ ಗನ್ ಕೊಟ್ಟು ನಮ್ಮ ಕಾರು ಹೊಳೆಯಿಸಿಕೊಳ್ಳುವುದು ಸರಿಯಲ್ಲ.

ಹೊಳಪೋ, ಹಳತೋ?

1969ರಲ್ಲಿ ಅಮೆರಿಕದ ಜಾನ್ ಮ್ಯುಯಿರ್ ಎಂಬ ಮೆಕ್ಯಾನಿಕ್, ಫೋಕ್ಸ್‌ವ್ಯಾಗನ್ನನ್ನು ಬದುಕಿಸಿಕೊಳ್ಳುವುದು ಹೇಗೆಂದು ಏನೂ ಗೊತ್ತಿಲ್ಲದವರಿಗೂ ತಿಳಿಯುವಂತೆ ಒಂದು ಪುಸ್ತಕ ಬರೆದರು. ಅದು ಒಂದು ತಲೆಮಾರನ್ನೇ ಕಾರಿನ ಕೆಳಗೆ ಮಲಗಿಸಿತು. ಸ್ವಂತ ಕೈಯಿಂದ ರಿಪೇರಿ ಮಾಡಿಕೊಳ್ಳುವ ಆ ಸಂಸ್ಕೃತಿಯ ಜೊತೆಗೇ ಕ್ಯಾಲಿಫೋರ್ನಿಯಾದ ಕ್ರೋಮ್ ತಗಡುಗಳ ಷೋಕಿಯೂ ಬೆಳೆಯಿತು.

ಈಗ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನದು, ಹಳೆಯ ವಾಹನವನ್ನು ಸಾಂಸ್ಕೃತಿಕ ಪರಂಪರೆಯೆಂದೇ ಕಾಣುತ್ತದೆ. ಹೊಸದಾಗಿಸುವುದಕ್ಕಿಂತ ಇದ್ದದ್ದನ್ನು ಉಳಿಸುವುದಕ್ಕೆ ಅದರಲ್ಲಿ ಹೆಚ್ಚು ಬೆಲೆ. ಹಳೆಯ ದೇವಸ್ಥಾನದ ಕಲ್ಲಿನ ಕಂಬಕ್ಕೆ ಭಕ್ತಿಯಿಂದಲೇ ಆಯಿಲ್ ಪೇಂಟ್ ಬಳಿದಾಗ ನಮಗೆ ಏನು ಕಳೆಯಿತೆಂದು ಗೊತ್ತಲ್ಲವೇ? ತಗಡಿನ ಮೂಲೆಯಲ್ಲಿ ಉಳಿದ ಕಾರ್ಖಾನೆಯ ಕಪ್ಪು, ಕೇಸಿನ ಮೇಲೆ ಒತ್ತಿದ ಸಂಖ್ಯೆ, ಡೈನಮೊದ ಮಾಸಿದ ಚೀಟಿ, ಇವೆಲ್ಲ ಆ ಕಾರಿನ ಜನ್ಮಪತ್ರಿಕೆ. ಒಮ್ಮೆ ಉಜ್ಜಿ ತೆಗೆದರೆ ಮತ್ತೆ ಬರೆಯಲಾಗದು.

ಹಾಗಾದರೆ ಮಾಡಬೇಕಾದದ್ದೇನು? ಗಟ್ಟಿಯಾಗಿ ನಿಂತಿರುವ ಹಳೆಯ ಬಣ್ಣವನ್ನು ತೊಳೆದು ಹಾಗೆಯೇ ಬಿಡಿ. ತುಕ್ಕು ತಿನ್ನುತ್ತಿರುವ ತಗಡನ್ನು ಮಾತ್ರ ಬಿಚ್ಚಿ, ಬಿಚ್ಚುವ ಮೊದಲು ಫೋಟೊ ತೆಗೆದುಕೊಂಡು, ಅರೆಹೊಳಪಿನ ಕಪ್ಪು ಹೊಡೆಯಿರಿ. ಬಿಸಿ ಹೆಚ್ಚಿದ ಕಡೆ ಬಿಸಿ ತಡೆಯುವ ಬಣ್ಣ, ಗಾಳಿ ಹರಿಯುವ ಕಡೆ ತೆಳು ಬಣ್ಣ, ಬೇಡದ ಕಡೆ ಬಣ್ಣವೇ ಬೇಡ.

ಅಪ್ಪನ ಡಬ್ಬಿಯಲ್ಲಿದ್ದ ಬಣ್ಣದ್ದೇನೂ ತಪ್ಪಿರಲಿಲ್ಲ. ಗೇಟಿನ ಮೇಲೆ ಅದು ಇಂದಿಗೂ ಇದೆ.